ಇನ್‌ಸ್ಟಾಲ್ ಮಾಡಿದ ಫಾಂಟ್ ಹೋದದ್ದೆಲ್ಲಿಗೆ?

ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಹಳೆ ಸೇತುವೆಗೆ ಹತ್ತಿರವೇ ನಮ್ಮ ಸಂಘದ ಗೆಳತಿಯೊಬ್ಬಳ ಮನೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ಅಲ್ಲಿಗೆ ಊಟಕ್ಕೆಂದು ಹೋದ ನಾವು ನಾಲ್ವರು ಊಟ ಮುಗಿಸಿ ಏಳುವಷ್ಟರಲ್ಲಿ ಅವಳ ಅಜ್ಜಿ ಒಂದು ಸಿಡಿ ತಂದು ಕೈಯಲ್ಲಿಟ್ಟರು. "ಅಜ್ಜ ಬರೆದ ಪ್ರಸಂಗ ಇದರಲ್ಲಿ ಉಂಟಂತೆ. ನೀವೆಲ್ಲ ಕಂಪ್ಯೂಟರ್ ಕಲಿಯುವವರಲ್ವಾ ಮಕ್ಕಳೇ, ಸ್ವಲ್ಪ ತೆಗೆದು ಕೊಡಿ" ಅಂದರು.

ಅಜ್ಜ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ವರ್ಷಾಂತಿಕದ ದಿನ ಸಂಜೆ ಅವರದೇ ಪ್ರಸಂಗದ ತಾಳಮದ್ದಳೆ ಮಾಡಿಸಬೇಕು, ಬಂದವರಿಗೆಲ್ಲ ಒಂದೊಂದು ಪುಸ್ತಕ ಕೊಡಬೇಕು ಅಂತ ಮನೆಯವರ ಆಸೆ. ಕೈಬರಹದ ಪುಸ್ತಕವನ್ನು ಗೆದ್ದಲು ತಿಂದಿತ್ತು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಪ್ರತಿ ಈ ಸಿಡಿಯಲ್ಲಿ ಮಾತ್ರ ಉಳಿದಿತ್ತು. ಅಂಗಡಿ ಮುಚ್ಚಿ ಕಾಲವಾಗಿದೆ.

"ಅದೆಂತ ದೊಡ್ಡದು, ನಾಳೆಯೇ ಕೊಡ್ತೇವೆ ಅಜ್ಜಿ" ಅಂದುಬಿಟ್ಟೆವು. ಕೊಡಲಿಕ್ಕೆ ಹದಿನಾರು ದಿನ ಬೇಕಾಯಿತು. ಆ ಹದಿನಾರು ದಿನಗಳಲ್ಲಿ ಫಾಂಟ್ ಎಂಬ ವಸ್ತು ಎಷ್ಟು ಬಗೆಯಲ್ಲಿ ಕಾಣೆಯಾಗಬಹುದು ಎಂಬುದನ್ನು ಒಂದೊಂದಾಗಿ ಕಲಿತೆವು. ಫೆಸ್ಟ್ ಪೋಸ್ಟರ್ ಮಾಡುವವರು, ರಾಜ್ಯೋತ್ಸವದ ಬ್ಯಾನರ್ ಮಾಡುವವರು, ವಾರ್ಷಿಕ ಸಂಚಿಕೆಗೆ ಪುಟ ಕಟ್ಟುವವರು ಇಂದಲ್ಲ ನಾಳೆ ಇದೇ ಹೊಂಡಕ್ಕೆ ಬೀಳುತ್ತೀರಿ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇವೆ.

ಎರಡು ಕಪಾಟು

ಸಿಡಿಯಲ್ಲಿದ್ದ ವರ್ಡ್ ಫೈಲ್ ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳ, ಪೌಂಡ್ ಚಿಹ್ನೆಗಳ ಚಿತ್ರಾನ್ನ. ಆದರೆ ಮೇಲೆ ಫಾಂಟಿನ ಹೆಸರಿನ ಪೆಟ್ಟಿಗೆಯಲ್ಲಿ ಒಂದು ಹೆಸರಿತ್ತು. ಇದು ನೆನಪಿಡಬೇಕಾದ ವಿಷಯ: ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ಹಾಗೇ ತೋರಿಸುತ್ತದೆ, ಅಕ್ಷರವನ್ನು ಮಾತ್ರ ಬೇರೆ ಫಾಂಟಿನಲ್ಲಿ ಬರೆಯುತ್ತದೆ. ಹೆಸರು ಕಂಡ ಮಾತ್ರಕ್ಕೆ ಫಾಂಟ್ ಇದೆ ಅಂತ ತಿಳಿಯಬೇಡಿ. ಹೆಸರು ಸಿಕ್ಕಿತಲ್ಲ, ಆ ಹಳೆಯ ಫಾಂಟನ್ನು ಹುಡುಕಿ ತಂದೆವು, ಎರಡು ಸಲ ಕ್ಲಿಕ್ಕಿಸಿ ಇನ್‌ಸ್ಟಾಲ್ ಒತ್ತಿದೆವು. ವರ್ಡ್ ಮುಚ್ಚಿ ತೆರೆದರೆ ಗಣಪತಿ ಸ್ತುತಿಯಿಂದ ಮಂಗಳದವರೆಗೂ ಕನ್ನಡ! ಅಜ್ಜಿಗೆ ಫೋನ್ ಮಾಡಿ ಹೇಳಿಯೂ ಆಯಿತು.

ಪುಟ ಕಟ್ಟಲೆಂದು ನಮ್ಮಲ್ಲಿದ್ದ ಹಳೆಯ ವಿನ್ಯಾಸದ ಸಾಫ್ಟ್‌ವೇರ್ ತೆರೆದರೆ ಅದರ ಪಟ್ಟಿಯಲ್ಲಿ ಆ ಫಾಂಟೇ ಇಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದೆವು. "ಇದು ಆಗಲೇ ಇದೆ, ಬದಲಿಸಲೇ?" ಅಂತ ವಿಂಡೋಸ್ ಕೇಳಿತು. ಹೌದು ಅಂದೆವು. ಯಂತ್ರವನ್ನೇ ಮರುಚಾಲೂ ಮಾಡಿದೆವು. ಆದರೂ ಇಲ್ಲ. ವರ್ಡಿನಲ್ಲಿ ಉಂಟು, ಇಲ್ಲಿ ಇಲ್ಲ. "ಎಂತ ಸಾವು ಮಾರಾಯ ಇದು" ಅಂತ ಒಬ್ಬ ಕೀಬೋರ್ಡಿಗೆ ಗುದ್ದಿದ.

ಕಾರಣ ಇದು. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1809ನೇ ಆವೃತ್ತಿಗೆ ಮುಂಚೆ ಫಾಂಟುಗಳಿಗೆಲ್ಲ ಒಂದೇ ಕಪಾಟು: ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರ್. ಅದಕ್ಕೆ ಹಾಕಲು ಅಡ್ಮಿನ್ ಅನುಮತಿ ಬೇಕಿತ್ತು. 1809ರಿಂದ ಸಾಮಾನ್ಯ ಬಳಕೆದಾರನಿಗೂ ಫಾಂಟ್ ಹಾಕಿಕೊಳ್ಳುವ ಅವಕಾಶ ಕೊಟ್ಟರು. ಹಾಗೆ ಹಾಕಿದ ಫಾಂಟು ಅವನ ಸ್ವಂತ ಕಪಾಟಿಗೆ, ಅಂದರೆ ಯೂಸರ್ ಫೋಲ್ಡರಿನ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಆಳದ ಜಾಗಕ್ಕೆ ಹೋಗುತ್ತದೆ. ರಿಜಿಸ್ಟ್ರಿಯಲ್ಲೂ ಯಂತ್ರದ ಪಟ್ಟಿ ಬೇರೆ, ಬಳಕೆದಾರನ ಪಟ್ಟಿ ಬೇರೆ. ಹೊಸ ಸಾಫ್ಟ್‌ವೇರುಗಳು ಎರಡನ್ನೂ ಓದುತ್ತವೆ. ಈ ಏರ್ಪಾಡು ಹುಟ್ಟುವ ಮೊದಲು ಬರೆದ ಸಾಫ್ಟ್‌ವೇರಿಗೆ ಎರಡನೇ ಕಪಾಟು ಇದೆ ಅಂತಲೇ ಗೊತ್ತಿಲ್ಲ.

ಪರಿಹಾರ ಒಂದೇ ಸಾಲಿನದು. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಿ. ವಿಂಡೋಸ್ 11ರಲ್ಲಿ ಇದು ಕಾಣದಿದ್ದರೆ 'ಶೋ ಮೋರ್ ಆಪ್ಶನ್ಸ್' ಒಳಗೆ ಅಡಗಿರುತ್ತದೆ. ಮೊದಲು ಹಾಕಿದ ಸ್ವಂತ ಪ್ರತಿಯನ್ನು ತೆಗೆದುಬಿಡುವುದು ಒಳ್ಳೆಯದು, ಒಂದೇ ಹೆಸರಿನವು ಎರಡಿದ್ದರೆ ಮತ್ತೊಂದು ತಲೆನೋವು. ಆಮೇಲೆ ವಿನ್ಯಾಸದ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಹೆಚ್ಚಿನವು ಶುರುವಾಗುವಾಗ ಒಮ್ಮೆ ಮಾತ್ರ ಪಟ್ಟಿ ತಯಾರಿಸಿಕೊಳ್ಳುತ್ತವೆ. ಕಿಟಕಿಯನ್ನು ಕೆಳಗಿಳಿಸಿ ಮೇಲೆತ್ತಿದರೆ ಸಾಲದು.

ಕಾಲೇಜ್ ಲ್ಯಾಬಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಯಾರು ಕೊಡ್ತಾರೆ ಅಂತ ಕೇಳಬಹುದು. ಇನ್‌ಡಿಸೈನ್ ಬಳಸುವವರಿಗೆ ಒಂದು ಹಿಂಬಾಗಿಲು ಉಂಟು. ನಿಮ್ಮ ಡಾಕ್ಯುಮೆಂಟ್ ಇರುವ ಫೋಲ್ಡರಿನಲ್ಲೇ 'ಡಾಕ್ಯುಮೆಂಟ್ ಫಾಂಟ್ಸ್' ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟು ಇನ್ನೊಂದು ಫೋಲ್ಡರ್ ಮಾಡಿ, ಫಾಂಟ್ ಫೈಲುಗಳನ್ನು ಅದರೊಳಗೆ ಹಾಕಿ. ಆ ಡಾಕ್ಯುಮೆಂಟ್ ತೆರೆದಾಗ ಫಾಂಟುಗಳು ತಾವಾಗಿಯೇ ಬರುತ್ತವೆ. ಯಾರ ಅನುಮತಿಯೂ ಬೇಡ.

ಎಲ್ಲಿ ಹುಡುಕಬೇಕು ಅಂತ ಮೊದಲು ಗೊತ್ತಾಗಬೇಕು

ನಾವು ಮಾಡಿದ ದೊಡ್ಡ ತಪ್ಪು, ಕಾರಣ ಹುಡುಕದೆ ಮತ್ತೆ ಮತ್ತೆ ಇನ್‌ಸ್ಟಾಲ್ ಒತ್ತಿದ್ದು. ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಮಲ್ಟಿಮೀಟರ್ ಹಿಡಿದು ನಡುವಿನ ಒಂದು ಬಿಂದುವಿನಲ್ಲಿ ವೋಲ್ಟೇಜ್ ನೋಡುತ್ತೇವಲ್ಲ, ಇಲ್ಲಿ ಆ ನಡುಬಿಂದು ನೋಟ್‌ಪ್ಯಾಡ್. ಅದರ ಫಾಂಟ್ ಪಟ್ಟಿಯಲ್ಲಿ ನಿಮ್ಮ ಫಾಂಟ್ ಇದ್ದರೆ ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸ ಮಾಡಿದೆ, ತೊಂದರೆ ಮುಂದಿನ ಸಾಫ್ಟ್‌ವೇರಿನದು. ಅಲ್ಲೂ ಇಲ್ಲದಿದ್ದರೆ ಫೈಲೇ ಸರಿಯಿಲ್ಲ, ಇಲ್ಲವೇ ಇನ್‌ಸ್ಟಾಲ್ ಆಗೇ ಇಲ್ಲ. ಜಿಪ್ ಫೈಲನ್ನು ಬಿಡಿಸದೆ ಒಳಗಿಣುಕಿ ಕ್ಲಿಕ್ಕಿಸುವವರೂ, ವೆಬ್‌ಸೈಟಿಗೆಂದು ಮಾಡಿದ ವಾಫ್ ಬಗೆಯ ಫೈಲ್ ಇಳಿಸಿಕೊಂಡು ಕೂತವರೂ ನಮ್ಮಲ್ಲಿದ್ದಾರೆ. ಬೇಕಾದದ್ದು ಟಿಟಿಎಫ್ ಅಥವಾ ಒಟಿಎಫ್.

ಇನ್ನು ಕೆಲವು ಸಲ ಫಾಂಟ್ ಪಟ್ಟಿಯಲ್ಲೇ ಇರುತ್ತದೆ, ನಾವು ನೋಡುವ ಜಾಗದಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಕಾಣುವುದು ಫೈಲಿನ ಹೆಸರಲ್ಲ, ಫಾಂಟಿನ ಒಳಗೆ ಬರೆದಿಟ್ಟ ಕುಟುಂಬದ ಹೆಸರು. ಫೈಲನ್ನು ನೀವು 'ಪೋಸ್ಟರ್ ಫಾಂಟ್' ಅಂತ ಬದಲಿಸಿದರೂ ಅದಕ್ಕೆ ಲೆಕ್ಕವಿಲ್ಲ. ನೋಟೋ ಸಾನ್ಸ್ ಕನ್ನಡವನ್ನು 'ಕೆ' ಅಕ್ಷರದಲ್ಲಿ ಹುಡುಕಿದರೆ ಸಿಗುವುದಿಲ್ಲ, 'ಎನ್' ಹತ್ತಿರ ಹೋಗಬೇಕು. ಬೋಲ್ಡ್, ಲೈಟ್ ಎಲ್ಲ ಕುಟುಂಬದ ಹೆಸರಿನ ಒಳಗೆ ಮಡಚಿಕೊಂಡಿರುತ್ತವೆ. ಫಾಂಟನ್ನು ಎರಡು ಸಲ ಕ್ಲಿಕ್ಕಿಸಿದಾಗ ತೆರೆಯುವ ಕಿಟಕಿಯಲ್ಲಿ ಮೇಲ್ಗಡೆ ಬರೆದಿರುವುದೇ ನಿಜವಾದ ಹೆಸರು, ಅದನ್ನು ನೋಡಿಕೊಂಡು ಹುಡುಕಿ.

ಅಡೋಬಿ ಸಾಫ್ಟ್‌ವೇರುಗಳು ಫಾಂಟ್ ಪಟ್ಟಿಯನ್ನು ತಮ್ಮದೇ ಕ್ಯಾಶ್ ಫೈಲುಗಳಲ್ಲಿ ಬರೆದಿಟ್ಟುಕೊಳ್ಳುತ್ತವೆ. 'ಅಡೋಬಿಎಫ್‌ಎನ್‌ಟಿ' ಎಂದು ಶುರುವಾಗಿ 'ಎಲ್‌ಎಸ್‌ಟಿ' ಎಂದು ಮುಗಿಯುವ ಫೈಲುಗಳು ಇವು. ಸಾಫ್ಟ್‌ವೇರ್ ಮುಚ್ಚಿ ಇವನ್ನು ಅಳಿಸಿದರೆ ಮುಂದಿನ ಸಲ ಹೊಸದಾಗಿ ತಯಾರಾಗುತ್ತವೆ. ಇದೇ ಕಂಪನಿ 2023ರ ಜನವರಿಯಿಂದ ಟೈಪ್ 1 ಎಂಬ ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಫಾಂಟುಗಳಿಗೆ ಬೆಂಬಲ ನಿಲ್ಲಿಸಿದೆ. ಪೇಜ್‌ಮೇಕರ್ ಕಾಲದ ಫಾಂಟಿನ ಕಟ್ಟೊಂದು ನಿಮ್ಮ ಮಾವನ ಪ್ರೆಸ್ಸಿನಿಂದ ಸಿಕ್ಕಿ, ಅದರಲ್ಲಿ ಪಿಎಫ್‌ಬಿ, ಪಿಎಫ್‌ಎಂ ಅಂತ ಜೋಡಿ ಫೈಲುಗಳಿದ್ದರೆ ಈಗಿನ ಇಲ್ಲಸ್ಟ್ರೇಟರಿನಲ್ಲಿ ಅವು ಬರುವುದಿಲ್ಲ. ಯಾವ ಬಟನ್ ಒತ್ತಿದರೂ ಬರುವುದಿಲ್ಲ.

ಲಿನಕ್ಸ್ ಬಳಸುವ ಗೆಳೆಯರು ಹೋಮ್ ಫೋಲ್ಡರಿನ ಡಾಟ್ ಲೋಕಲ್, ಶೇರ್, ಫಾಂಟ್ಸ್ ಒಳಗೆ ಹಾಕಿ ಟರ್ಮಿನಲ್ಲಿನಲ್ಲಿ 'ಎಫ್‌ಸಿ-ಕ್ಯಾಶ್' ಓಡಿಸಿದರೆ ಮುಗಿಯಿತು. ಡೆಬಿಯನ್, ಉಬುಂಟುವಿನ ಭಂಡಾರದಲ್ಲಿ ಗುಬ್ಬಿ, ನವಿಲು ಫಾಂಟುಗಳು ಹೇಗೂ ಇವೆ. ಬ್ರೌಸರಿನಲ್ಲಿ ಫಿಗ್ಮಾ ತೆರೆಯುವವರಿಗೆ ಮಾತ್ರ ಒಂದು ಮಾತು: ಬ್ರೌಸರ್ ನಿಮ್ಮ ಯಂತ್ರದ ಫಾಂಟನ್ನು ತಾನಾಗಿ ಅದಕ್ಕೆ ಕೊಡುವುದಿಲ್ಲ, ಫಿಗ್ಮಾದವರದೇ ಫಾಂಟ್ ಇನ್‌ಸ್ಟಾಲರ್ ಬೇಕು, ಇಲ್ಲವೇ ಡೆಸ್ಕ್‌ಟಾಪ್ ಆಪ್ ಹಾಕಿಕೊಳ್ಳಬೇಕು.

ಏಳು ಅಕ್ಷರದ 'ಕನ್ನಡ'

ಮತ್ತೆ ಅಜ್ಜನ ಪ್ರಸಂಗಕ್ಕೆ ಬರೋಣ. ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮೇಲೆ ಹಳೆಯ ಫಾಂಟ್ ವಿನ್ಯಾಸದ ಸಾಫ್ಟ್‌ವೇರಿನಲ್ಲೂ ಬಂತು. ಅಲ್ಲಿಗೇ ನಿಲ್ಲಿಸಿ ಪುಸ್ತಕ ಅಚ್ಚು ಮಾಡಿಸಬಹುದಿತ್ತು. ನಮ್ಮಲ್ಲಿ ಇಬ್ಬರ ಅಭಿಪ್ರಾಯ ಹಾಗೇ ಇತ್ತು. ಆದರೆ ಗೆಳತಿ ಕೇಳಿದಳು: "ಇನ್ನು ಇಪ್ಪತ್ತು ವರ್ಷ ಕಳೆದು ಯಾರಾದರೂ ಇದನ್ನು ತೆರೆದರೆ ಅವರಿಗೂ ಇದೇ ಅವಸ್ಥೆ ಅಲ್ವಾ?" ಹೌದು, ಅದೇ ಅವಸ್ಥೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಒಳಗಿಳಿಯಬೇಕು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 3200ರಿಂದ 3327ರ ತನಕ 128 ಸ್ಥಾನಗಳಿವೆ. ಆದರೆ ನಮ್ಮ ಕಂಪ್ಯೂಟರುಗಳು ಆ ಸ್ಥಾನಗಳನ್ನು ಸರಿಯಾಗಿ ತೋರಿಸಲು ಕಲಿತದ್ದು ಬಹಳ ತಡವಾಗಿ. ವಿಂಡೋಸಿನಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದದ್ದು ಎಕ್ಸ್‌ಪಿ ಜೊತೆಗೆ. ಅಲ್ಲಿಯವರೆಗೆ ಕನ್ನಡ ಸುಮ್ಮನೆ ಕಾಯಬೇಕಿತ್ತೇ? ಕಾಯಲಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಧ್ವನಿಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸ ಮಾಡಿದರು, 'ಸೇಡಿಯಾಪು' ಎಂಬ ತಂತ್ರಾಂಶ ರೂಪಿಸಿ ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ತಂದಿತು. ಇಂದು ನಾವು ಮೊಬೈಲಿನಲ್ಲಿ ಕನ್ನಡ ಕುಟ್ಟುತ್ತಿದ್ದೇವೆ ಎಂದರೆ ಅದರ ಹಿಂದೆ ಇವರ ದುಡಿಮೆ ಇದೆ.

ಆ ಕಾಲದ ಫಾಂಟುಗಳು ಮಾಡಿದ್ದು ಒಂದು ಜಾಣತನದ ಕೆಲಸ: ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದವು. ಕಂಪ್ಯೂಟರಿನ ಮಟ್ಟಿಗೆ ಅದು ಯಾವುದೋ ಯುರೋಪಿನ ಬರಹ, ನೋಡುವವರ ಕಣ್ಣಿಗೆ ಕನ್ನಡ. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಫೈಲಿನಲ್ಲಿ ಉಳಿಯುವುದು 80, 192, 163, 192, 223, 113, 192 ಎಂಬ ಏಳು ಅಂಕಿಗಳು. 80 ಅಂದರೆ ಇಂಗ್ಲಿಷಿನ ದೊಡ್ಡ 'ಪಿ', ಆ ಜಾಗದಲ್ಲಿ ತಲೆಕಟ್ಟಿಲ್ಲದ 'ಕ'ದ ಮೈ ಕೂತಿದೆ. 192ರಲ್ಲಿ ತಲೆಕಟ್ಟು. 163 ಪೌಂಡ್ ಚಿಹ್ನೆ, ಅಲ್ಲಿ 'ನ'. 223 ಜರ್ಮನ್ ಭಾಷೆಯ ಒಂದು ಅಕ್ಷರ, ಅಲ್ಲಿ ನ-ಒತ್ತು. 113 ಚಿಕ್ಕ 'ಕ್ಯು', ಅಲ್ಲಿ 'ಡ'. ಅಜ್ಜನ ಫೈಲಿನಲ್ಲಿ ಪೌಂಡ್ ಚಿಹ್ನೆಗಳು ಸುರಿದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ, ಪ್ರತಿ 'ನ'ಕಾರಕ್ಕೂ ಒಂದೊಂದು ಪೌಂಡ್! ಇವನ್ನು ರೂಢಿಯಲ್ಲಿ ಆಸ್ಕಿ ಫಾಂಟ್ ಅನ್ನುತ್ತಾರೆ. ಆಸ್ಕಿಯಲ್ಲಿ ಇರುವುದೇ 128 ಸ್ಥಾನ, 192 ಅದರ ಹೊರಗಿನದು, ಹಾಗಾಗಿ ಹೆಸರೇ ತಪ್ಪು. ಇರಲಿ, ಹೆಸರು ಅಂಟಿಕೊಂಡಾಗಿದೆ.

ಯೂನಿಕೋಡಿನಲ್ಲಿ ಅದೇ 'ಕನ್ನಡ' ಐದೇ ಅಂಕಿ: 3221, 3240, 3277, 3240, 3233. ಕ, ನ, ವಿರಾಮ ಚಿಹ್ನೆ, ನ, ಡ. ಎರಡನೇ 'ನ' ಒತ್ತಕ್ಷರವಾಗಿ ಕೆಳಗೆ ಹೋಗಬೇಕು ಅಂತ ಫೈಲಿನಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ತೀರ್ಮಾನಿಸುವುದು ಫಾಂಟಿನೊಳಗಿನ ನಿಯಮಗಳು ಮತ್ತು ಅವನ್ನು ಓದಿ ಅಕ್ಷರ ಜೋಡಿಸುವ ಸಾಫ್ಟ್‌ವೇರ್. ಈ ಐದು ಅಂಕಿ ಯಾವ ಫಾಂಟಿನಲ್ಲಿ ನೋಡಿದರೂ 'ಕನ್ನಡ'ವೇ. ಫಾಂಟ್ ಇಲ್ಲದಿದ್ದರೆ ಚೌಕ ಪೆಟ್ಟಿಗೆ ಕಾಣಬಹುದು, ಆದರೆ ಮಾತು ಒಳಗೆ ಭದ್ರವಾಗಿರುತ್ತದೆ. ಹಳೆಯ ಬಗೆಯಲ್ಲಿ ಫಾಂಟ್ ಹೋದರೆ ಮಾತೇ ಹೋದಂತೆ. ಅಜ್ಜನ ಸಿಡಿ ಹತ್ತು ವರ್ಷ ಕಪಾಟಿನಲ್ಲಿ ಕೂತು, ಆ ಫಾಂಟ್ ಎಲ್ಲಿಯೂ ಸಿಗದೆ ಹೋಗಿದ್ದರೆ ಅಂತ ಯೋಚಿಸಿ ಒಂದು ಕ್ಷಣ ಸುಮ್ಮನೆ ಕೂತೆವು.

ನಿಮ್ಮ ಪೋಸ್ಟರಿನಲ್ಲಿ ಫಾಂಟ್ ಪಟ್ಟಿಯಲ್ಲಿದ್ದೂ ಅಕ್ಷರ ಬಾರದಿದ್ದರೆ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಬರಹ ಯೂನಿಕೋಡಿನದೋ, ಫಾಂಟ್ ಆಸ್ಕಿಯದೋ? ವಾಟ್ಸಾಪಿನಿಂದ ನಕಲು ಮಾಡಿದ ಸಾಲು ಯೂನಿಕೋಡ್. ಅದಕ್ಕೆ ಆಸ್ಕಿ ಫಾಂಟ್ ಹಾಕಿದರೆ ಬದಲಾವಣೆಯೇ ಕಾಣುವುದಿಲ್ಲ, ಅಥವಾ ಪೆಟ್ಟಿಗೆಗಳು ಬರುತ್ತವೆ. ಆ ಫಾಂಟಿನಲ್ಲಿ 3221ನೇ ಸ್ಥಾನ ಖಾಲಿ. ಹಾಗೆಯೇ ಆಸ್ಕಿ ಬರಹಕ್ಕೆ ಯೂನಿಕೋಡ್ ಫಾಂಟ್ ಹಾಕಿದರೆ ಅದೇ ಪೌಂಡ್ ಚಿಹ್ನೆಗಳ ಮೆರವಣಿಗೆ.

ದುರ್ಯೋಧನನ ಅರ್ಕಾವತ್ತು

ಹಾಗಾಗಿ ಇಡೀ ಪ್ರಸಂಗವನ್ನು ಯೂನಿಕೋಡಿಗೆ ಪರಿವರ್ತಿಸುವುದು ಅಂತಾಯಿತು. ಪರಿವರ್ತಕಗಳು ಬೇಕಾದಷ್ಟಿವೆ, ಮುಕ್ತ ತಂತ್ರಾಂಶದವೂ ಇವೆ. ಅಂಕಿಯ ಬದಲಿಗೆ ಅಂಕಿ ಹಾಕುವುದು ತಾನೇ, ಪೈಥಾನಿನಲ್ಲಿ ಒಂದು ಡಿಕ್ಷನರಿ ಬರೆದರೆ ಮುಗಿಯಿತು ಅಂದುಕೊಂಡು ನಮ್ಮದೇ ಒಂದನ್ನು ಬರೆಯಲು ಹೊರಟ ಕಂಪ್ಯೂಟರ್ ಸೈನ್ಸಿನವನು ಅರ್ಧ ದಿನದಲ್ಲೇ ಕೈಚೆಲ್ಲಿದ.

ತೊಡಕು ಇರುವುದು ಕ್ರಮದಲ್ಲಿ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ. 'ಕರ್ಣ' ಅನ್ನುವಾಗ ಮೊದಲು 'ರ್' ಅನ್ನುತ್ತೇವೆ, ಆಮೇಲೆ 'ಣ'. ಬರೆಯುವಾಗ 'ಣ' ಬರೆದು ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ಆಸ್ಕಿ ಫೈಲಿನಲ್ಲಿ ಅರ್ಕಾವತ್ತು 'ಣ'ದ ನಂತರ ಇರುತ್ತದೆ, ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ತಂದು ಇಡಬೇಕು. ನಡುವೆ ಒತ್ತಕ್ಷರವೋ ದೀರ್ಘವೋ ಇದ್ದರೆ ಎಷ್ಟು ದೂರ ತರಬೇಕು ಅಂತ ಲೆಕ್ಕ ಹಾಕಬೇಕು. ಮಹಾಭಾರತದ ಪ್ರಸಂಗ ಬೇರೆ. ಕರ್ಣ, ಅರ್ಜುನ, ಧರ್ಮರಾಯ, ದುರ್ಯೋಧನ! ಅರ್ಕಾವತ್ತು ಇಲ್ಲದೆ ಕುರುಕ್ಷೇತ್ರದಲ್ಲಿ ಒಂದು ಬಾಣ ಬಿಡಲಿಕ್ಕಾಗುವುದಿಲ್ಲ. ಸಿದ್ಧವಾಗಿದ್ದ ಪರಿವರ್ತಕವನ್ನೇ ಬಳಸಿ, ಇಬ್ಬರು ಪಕ್ಕಪಕ್ಕ ಕೂತು ಹಳೆಯ ಫಾಂಟಿನ ಪ್ರತಿಯ ಜೊತೆ ಸಾಲು ಸಾಲು ಹೋಲಿಸಿದೆವು. ಸಮಯ ಹೆಚ್ಚು ಹೋದದ್ದು ಇಲ್ಲೇ. ಅದು ಹೋಗಬೇಕಾದದ್ದೇ.

ಪಟ್ಟಿಯಲ್ಲಿ ಉಂಟು, ಒತ್ತಕ್ಷರ ಇಲ್ಲ

ಈಗ ಯೂನಿಕೋಡ್ ಫಾಂಟ್ ಬೇಕು. ಹತ್ತು ವರ್ಷದ ಹಿಂದೆ ಕನ್ನಡಕ್ಕೆ ಒಳ್ಳೆಯ ಯೂನಿಕೋಡ್ ಫಾಂಟ್ ಇಲ್ಲ ಅಂತ ಗೊಣಗಬಹುದಿತ್ತು, ಈಗ ಆ ನೆವ ಇಲ್ಲ. ನೋಟೋ ಸೆರಿಫ್, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ಅಕಾಯ, ತಿರೋ, ಅನೇಕ್ ಎಲ್ಲವೂ ಉಚಿತ. ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಜಾಗಟೆ ಹಿಡಿದು ಭಾಗವತರು ಓದಬೇಕಾದ ಪುಸ್ತಕ, ಹಾಗಾಗಿ ಅಲಂಕಾರ ಬೇಡ, ದಪ್ಪ-ತೆಳು ಸ್ಪಷ್ಟವಾಗಿರುವ ನೋಟೋ ಸೆರಿಫ್ ಸಾಕು ಅಂತ ತೀರ್ಮಾನಿಸಿದೆವು.

ಇಳಿಸಿದೆವು, ಎಲ್ಲರಿಗೂ ಕಾಣುವ ಹಾಗೆ ಹಾಕಿದೆವು, ಸಾಫ್ಟ್‌ವೇರ್ ಮುಚ್ಚಿ ತೆರೆದೆವು. ಮತ್ತೆ ಎಡವಟ್ಟು! ಈ ಸಲದ ಕಾರಣ ಬೇರೆ. ಗೂಗಲ್ ಫಾಂಟ್ಸ್‌ನಿಂದ ಬರುವ ಜಿಪ್ಪಿನಲ್ಲಿ ಹೊರಗೆ ಕಾಣುವುದು ವೇರಿಯಬಲ್ ಫಾಂಟ್, ಅಂದರೆ ತೆಳುವಿನಿಂದ ದಪ್ಪದವರೆಗಿನ ಎಲ್ಲ ತೂಕವೂ ಒಂದೇ ಫೈಲಿನಲ್ಲಿ. ಫೋಟೋಶಾಪ್, ಇಲ್ಲಸ್ಟ್ರೇಟರ್ ಇದನ್ನು ಕಲಿತದ್ದು 2018ರ ಆವೃತ್ತಿಯಲ್ಲಿ, ಇನ್‌ಡಿಸೈನ್ 2020ರದ್ದರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಬೇಕಾದ ತೂಕ ಸಿಗುವುದಿಲ್ಲ. ಅದೇ ಜಿಪ್ಪಿನ ಒಳಗೆ 'ಸ್ಟ್ಯಾಟಿಕ್' ಎಂಬ ಫೋಲ್ಡರ್ ಇರುತ್ತದೆ, ಅಲ್ಲಿ ಒಂದೊಂದು ತೂಕಕ್ಕೂ ಬೇರೆ ಬೇರೆ ಫೈಲ್. ವೇರಿಯಬಲ್ ಪ್ರತಿಯನ್ನು ತೆಗೆದು ಇವನ್ನು ಹಾಕಿ.

ಕೊನೆಗೂ ಫಾಂಟ್ ಬಂತು. ಬಂದರೆ ಅಜ್ಜನ ಪ್ರಸಂಗದ ತುಂಬ 'ಕರ್‌ಣ', 'ಅರ್‌ಜುನ', 'ಕುರುಕ್‌ಷೇತ್‌ರ'. ಊರಲ್ಲಿ ಎಷ್ಟೋ ಬ್ಯಾನರುಗಳಲ್ಲಿ 'ರಾಜ್‌ಯೋತ್‌ಸವ' ಅಂತ ಕಂಡು ನಾವೇ ನಕ್ಕದ್ದುಂಟು. ಬರೆದವರಿಗೆ ಕನ್ನಡ ಬರುವುದಿಲ್ಲ ಅಂತ ನಗುವುದು ಅನ್ಯಾಯ, ಅವರು ಸರಿಯಾಗಿಯೇ ಟೈಪ್ ಮಾಡಿರುತ್ತಾರೆ. ಆ ಐದು ಅಂಕಿಗಳನ್ನು ಓದಿ ಒತ್ತು ಜೋಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಲಿಲ್ಲ, ಅಷ್ಟೇ. ಅಡೋಬಿ ಸಾಫ್ಟ್‌ವೇರುಗಳಲ್ಲಿ ಎರಡು ಬಗೆಯ ಜೋಡಣೆ ಯಂತ್ರಗಳಿವೆ. ಇಂಗ್ಲಿಷಿಗೆ ಸಾಕಾಗುವ ಸಾದಾ ಯಂತ್ರವೇ ಹೆಚ್ಚಿನ ಕಡೆ ಮೊದಲಿಗೆ ಚಾಲೂ ಇರುತ್ತದೆ. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿಗೆ ಹೋಗಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಫೋಟೋಶಾಪಿನಲ್ಲಿ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ 'ವರ್ಲ್ಡ್-ರೆಡಿ ಲೇಔಟ್', ಹಳೆಯ ಆವೃತ್ತಿಯಾದರೆ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್'. ಇಲ್ಲಸ್ಟ್ರೇಟರಿನಲ್ಲಿ ಅದೇ ಟೈಪ್ ಪುಟದಲ್ಲಿ 'ಶೋ ಇಂಡಿಕ್ ಆಪ್ಶನ್ಸ್' ಗುರುತು ಹಾಕಿ, ಆಮೇಲೆ ಪ್ಯಾರಾಗ್ರಾಫ್ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಬರೆದಾಗಿರುವ ಸಾಲನ್ನು ಆಯ್ದುಕೊಂಡೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಹೊಸದಾಗಿ ಬರೆಯುವ ಸಾಲಿಗೆ ಮಾತ್ರ ಅನ್ವಯ.

ಇಂಕ್‌ಸ್ಕೇಪಿನಲ್ಲಿ ಈ ಗೋಳಿಲ್ಲ, ಅದರೊಳಗಿನ ಹಾರ್ಫ್‌ಬಜ್ ಎಂಬ ಜೋಡಣೆ ಯಂತ್ರ ಕನ್ನಡವನ್ನು ಚೆನ್ನಾಗಿ ಬಲ್ಲದು. ದುಡ್ಡಿಲ್ಲದ ವಿದ್ಯಾರ್ಥಿಗಳು ಕದ್ದ ಸಾಫ್ಟ್‌ವೇರಿನ ಹಿಂದೆ ಬೀಳುವ ಬದಲು ಪೋಸ್ಟರನ್ನು ಇಂಕ್‌ಸ್ಕೇಪಿನಲ್ಲಿ, ಪುಸ್ತಕವನ್ನು ಸ್ಕ್ರೈಬಸ್ಸಿನ ಹೊಸ ಆವೃತ್ತಿಯಲ್ಲಿ ಮಾಡಬಹುದು ಅಂತ ನಮಗೆ ಈಗ ಅನಿಸುತ್ತದೆ. ಲಿಬ್ರೆಆಫೀಸಿನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗದಿದ್ದರೆ ಗಾಬರಿ ಬೇಡ: ಅದು ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿಗೆ ಸೇರಿಸಿ, ಅದಕ್ಕೆ ಬೇರೆಯೇ ಫಾಂಟ್ ಪೆಟ್ಟಿಗೆ ಇಟ್ಟಿದೆ. ಭಾಷೆಯ ಸೆಟ್ಟಿಂಗಿನಲ್ಲಿ ಅದನ್ನು ಚಾಲೂ ಮಾಡಿದರೆ ಕ್ಯಾರೆಕ್ಟರ್ ಕಿಟಕಿಯಲ್ಲಿ ಕಾಣಸಿಗುತ್ತದೆ.

ತುಳು ಲಿಪಿಯಲ್ಲಿ ಪೋಸ್ಟರ್ ಮಾಡುವವರಿಗೆ ಇದರ ಮೇಲೆ ಇನ್ನೊಂದು ಸುತ್ತು ಇದೆ. ತುಳು-ತಿಗಳಾರಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನ 16ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಸಾಫ್ಟ್‌ವೇರಿಗೆ ಆ ಸ್ಥಾನಗಳ ನಿಯಮವೇ ತಿಳಿಯದು. ಕನ್ನಡದ ಸ್ಥಾನಗಳಲ್ಲಿ ತುಳು ಆಕೃತಿ ಕೂರಿಸಿದ ಫಾಂಟ್ ಬಳಸಿದಿರೋ, ಫ್ಲೆಕ್ಸ್ ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದಾಗ ನಿಮ್ಮ ತುಳು ಕನ್ನಡ ಅಕ್ಷರವಾಗಿ ಅಚ್ಚಾಗಿ ಬರುತ್ತದೆ. ಓದಲಿಕ್ಕಂತೂ ಆಗುತ್ತದೆ ಅನ್ನಿ! ಅಂಗಡಿಗೆ ಕೊಡುವಾಗ ಯಾವ ಲಿಪಿಯೇ ಇರಲಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಕೊಡಿ. ಅವರು ಕೋರಲ್ ಫೈಲೇ ಬೇಕು ಅಂದರೆ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿದ ಒಂದು ಪ್ರತಿ ಮಾಡಿ ಕೊಡಿ, ಮೂಲವನ್ನು ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕರ್ವ್ಸ್ ಆದ ಮೇಲೆ ಒಂದು ಕೊಂಬು ತಿದ್ದಲಿಕ್ಕೂ ಬರುವುದಿಲ್ಲ.

ಒಂದೇ ಒಂದು ಚಿಹ್ನೆ

ಎಲ್ಲ ಮುಗಿಯಿತು ಅನ್ನುವಾಗ ಪದ್ಯಗಳ ಕೊನೆಯಲ್ಲಿ ಎರಡು ದಂಡ ಇರಬೇಕಾದ ಕಡೆ ಪೆಟ್ಟಿಗೆ. ಉಳಿದ ಎಲ್ಲ ಅಕ್ಷರ ಸರಿ, ಇದೊಂದು ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಪ್ರತ್ಯೇಕ ದಂಡ ಇಲ್ಲ. ದೇವನಾಗರಿಯ ಗುಂಪಿನಲ್ಲಿರುವ ದಂಡವನ್ನೇ ಭಾರತದ ಬೇರೆ ಲಿಪಿಗಳೂ ಹಂಚಿಕೊಳ್ಳಬೇಕು ಅಂತ ಏರ್ಪಾಡು. ಕನ್ನಡ ಫಾಂಟ್ ಮಾಡುವವರು ಅದನ್ನು ನೆನಪಿಟ್ಟು ಸೇರಿಸಿದ್ದರೆ ಬರುತ್ತದೆ. ನಮ್ಮ ಪುಸ್ತಕದ ಶೀರ್ಷಿಕೆಗೆಂದು ಆರಿಸಿದ್ದ ಇನ್ನೊಂದು ಫಾಂಟಿನಲ್ಲಿ ಅದು ಇರಲಿಲ್ಲ, ಪದ್ಯದ ಸಂಖ್ಯೆಗಳಿಗೂ ಅದೇ ಫಾಂಟ್ ಹಾಕಿಬಿಟ್ಟಿದ್ದೆವು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಎಷ್ಟು ತಲೆಮಾರು ಇಲ್ಲಿ ಮೊಳೆ ಜೋಡಿಸಿದ್ದಾರೋ! ಬೇಕಾದ ಮೊಳೆ ಪೆಟ್ಟಿಗೆಯಲ್ಲಿ ಇಲ್ಲದೆ ಅವರೂ ಹೀಗೇ ತಲೆ ಕೆರೆದುಕೊಂಡಿರಬೇಕು. ದಂಡಗಳಿಗೆ ಮಾತ್ರ ನೋಟೋ ಹಾಕಿದೆವು, ಸರಿಹೋಯಿತು.

ಒಂದು ಪದ್ಯ ಮಾತ್ರ ಉಳಿಯಿತು. ಅದರ ಎರಡನೇ ಸಾಲಿನ ಮಧ್ಯೆ ಹಳೆಯ ಫೈಲಿನಲ್ಲೇ ಏನೋ ಕೆಟ್ಟಿತ್ತು. ಹಳೆಯ ಫಾಂಟಿನಲ್ಲೂ ಪೆಟ್ಟಿಗೆ, ಹೊಸದರಲ್ಲೂ ಪೆಟ್ಟಿಗೆ. ಯಾವ ಕೋಷ್ಟಕದಲ್ಲೂ ಇಲ್ಲದ ಅಂಕಿ. ಛಂದಸ್ಸು ಲೆಕ್ಕ ಹಾಕಿ ಇಷ್ಟು ಮಾತ್ರೆ ಬೇಕು ಅಂತ ಗೊತ್ತಾಯಿತೇ ಹೊರತು ಶಬ್ದ ಗೊತ್ತಾಗಲಿಲ್ಲ. ಪ್ರೂಫ್ ಹಿಡಿದುಕೊಂಡು ಪಾಣೆಮಂಗಳೂರಿಗೆ ಹೋಗಿ, ಇಲ್ಲಿ ಒಂದು ಶಬ್ದ ಹೋಗಿದೆ, ಏನು ಮಾಡೋಣ ಅಂತ ಕೇಳಿದೆವು.

ಅಜ್ಜಿಗೆ ಕನ್ನಡಕ ಹಾಕಿದರೂ ಅಷ್ಟು ಸಣ್ಣಕ್ಷರ ಕಾಣುವುದಿಲ್ಲ. "ಯಾವ ಪದ್ಯ, ಮೊದಲಿನ ಸಾಲು ಓದಿ" ಅಂದರು. ಓದಿದೆವು. ಅಂಗಳದ ಕಡೆ ನೋಡುತ್ತಾ ಮೆಲ್ಲನೆ ಪೂರ್ತಿ ಪದ್ಯ ಹಾಡಿದರು. ಗೆಳತಿ ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿಕೊಂಡ ಮೇಲೆ, ನಮ್ಮ ಪ್ರತಿಯಲ್ಲಿ ಸರಿಯಾಗಿದೆ ಅಂದುಕೊಂಡಿದ್ದ ಮುಂದಿನ ಸಾಲಿನಲ್ಲೂ ಒಂದು ತಪ್ಪು ಹೇಳಿದರು. ಡಿಟಿಪಿ ಅಂಗಡಿಯವನು ಆಗಲೇ ಮಾಡಿದ ತಪ್ಪಂತೆ, ಅಜ್ಜ ಇರುವಷ್ಟು ದಿನ ಅದಕ್ಕೆ ಬೈಯುತ್ತಿದ್ದರಂತೆ.